ಎದುರಿಗೆ ಬಾರದವಳು

॥ ಶ್ರೀ ॥

ಲೀಡ್ಸ್, ಇಂಗ್ಲೆಂಡ್
೧೪ ಅಕ್ಟೋಬರ್ ೧೯೩೪, ಭಾನುವಾರ

ಕಂಪ್ಲಿಯ ಅಕ್ಕ ವಿಜಯಲಕ್ಷ್ಮಿಗೆ, ಕಡಲಾಚೆಯಿಂದ ತಮ್ಮ ಪ್ರಭಂಜನನ ನಮಸ್ಕಾರಗಳು.

ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಜಂಬ ಕೊಚ್ಚಿ ಬಂದವನು ಇಷ್ಟು ತಡ ಮಾಡಿದೆ. ಬೈಯುವುದನ್ನು ಮೊದಲು ಬೈದು ಮುಗಿಸು, ಆಮೇಲೆ ಓದು. ಹಡಗಿನಲ್ಲಿ ಕಾಗದ ಬಿಚ್ಚಿದರೆ ಹೊಟ್ಟೆ ತೊಳಸುತ್ತಿತ್ತು, ಇಲ್ಲಿ ಬಂದ ಮೇಲೆ ಬೆರಳು ಮರಗಟ್ಟುತ್ತವೆ. ಅಮ್ಮ ಈಗ ನಿನ್ನ ಹತ್ತಿರವೇ ಇದ್ದಾಳೆಂದು ನಿನ್ನ ಕಾರ್ಡಿನಿಂದ ತಿಳಿದು ಸಮಾಧಾನವಾಯಿತು. ಆಕೆಗೆ ಓದಲು ಬಾರದು, ನೀನೇ ಗಟ್ಟಿಯಾಗಿ ಓದಿ ಹೇಳು.

ಅಮ್ಮಾ, ನಾನು ಚೆನ್ನಾಗಿದ್ದೇನೆ. ಊಟದ ಚಿಂತೆ ಬೇಡ. ಮನೆಯ ಒಡತಿ ಮಿಸೆಸ್ ವುಡ್ ನನಗೆ ಒಂದು ಒಲೆ ಬಿಟ್ಟುಕೊಟ್ಟಿದ್ದಾರೆ. ಮೊದಲ ದಿನ ಅನ್ನ ಮಾಡಲು ಹೋಗಿ ಗಂಜಿ ಮಾಡಿದೆ. ನೀನು ಕಟ್ಟಿಕೊಟ್ಟ ಸಾರಿನ ಪುಡಿಯ ಘಾಟಿಗೆ ಪಾಪ ಆಕೆ ಸೀನಿ ಸೀನಿ ಇಡೀ ಮನೆಯ ಕಿಟಕಿ ತೆರೆದರು; ಮರುದಿನ ತಾವೇ ಬಟ್ಟಲು ಹಿಡಿದು ಬಂದರು. ಹೊಸಪೇಟೆಯ ಬಿಸಿಲನ್ನು ಬೈಯುತ್ತಿದ್ದ ನಾನು ಇಲ್ಲಿ ಸೂರ್ಯನ ದಾರಿ ಕಾಯುತ್ತೇನೆ. ಮೋಡದಲ್ಲಿ ಆತ ಎಲ್ಲಿದ್ದಾನೋ, ಅರ್ಘ್ಯವನ್ನು ಅಂದಾಜಿನ ಮೇಲೆ ಬಿಡುತ್ತೇನೆ. ಕಾಲೇಜಿನಲ್ಲಿ ಪ್ರೊಫೆಸರರು ಒಂದು ಕಪ್ಪು ಕಲ್ಲು ತೋರಿಸಿ ಏನೆಂದು ಕೇಳಿದಾಗ, “ನಮ್ಮ ಸಂಡೂರಿನಲ್ಲಿ ಗುಡ್ಡ ಹತ್ತಿ ಇಳಿದರೆ ಪಂಚೆಗೆಲ್ಲ ಇದೇ ಮೆತ್ತಿಕೊಳ್ಳುತ್ತದೆ, ಮ್ಯಾಂಗನೀಸ್” ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಅಕ್ಕಾ, ಇಲ್ಲಿಗೆ ನಿಲ್ಲಿಸು. “ಇಷ್ಟೇ ಬರ್ದಾನ” ಅಂದುಬಿಟ್ಟು ಒಳಗೆ ಹೋಗು. ಮುಂದಿನದು ನಿನಗೊಬ್ಬಳಿಗೆ.

ಮಗುವಿಗೆ ಜ್ವರವೆಂದು ನೀನು ಬರಲಾಗಲಿಲ್ಲ, ಹಾಗಾಗಿ ನಿನಗೆ ಗೊತ್ತಿಲ್ಲ. ನಾನು ಹೊರಡುವ ದಿನ ಅಮ್ಮ ಮನೆಯಲ್ಲಿರಲಿಲ್ಲ. ಮುನ್ನಾದಿನವೇ ಹೊಲ ನೋಡಿಕೊಂಡು ಬರುತ್ತೇನೆಂದು ನಮ್ಮ ಹುಲುಗಪ್ಪನ ಬಂಡಿಯಲ್ಲಿ ಗಾದಿಗನೂರಿಗೆ ಹೋಗಿಬಿಟ್ಟಿದ್ದಳು. ಯಮುನಾಬಾಯಿ ಸೋದರತ್ತೆಯನ್ನು ಕೇಳಿದೆ. “ಸುಮ್ನಿರೋ. ಸಮುದ್ರ ದಾಟೋ ಹುಡುಗ, ಹೊಂಟಾಗ ಎದುರಿಗೆ ತಲಿ ಬೋಳಿಸಿದಾಕಿ ಬರಬಾರ್ದು ಅಂತ ನಾವೇನು ಹೇಳ್ಲಿಲ್ಲಪ್ಪ, ಆಕಿಗೇ ಗೊತ್ತದ” ಅಂದರು. ನಾನು ಹೋಗಿ ಪೆಟ್ಟಿಗೆಗೆ ಬೀಗ ಹಾಕಿದೆ. ಅತ್ತೆಯೇ ಆರತಿ ಎತ್ತಿದರು, ಮುತ್ತೈದೆಯರು ಎದುರು ಬಂದರು, ಶಕುನವೆಲ್ಲ ಭಾಳ ಚಲೋ ಆಯಿತು.

ಈಗ ಇಲ್ಲಿಯ ಕಥೆ ಕೇಳು. ಮಿಸೆಸ್ ವುಡ್ ಅವರ ಗಂಡ ಹೋದ ವರ್ಷ ಕಲ್ಲಿದ್ದಲ ಗಣಿಯಲ್ಲಿ ತೀರಿಕೊಂಡರು. ಆಕೆ ಇನ್ನೂ ಕಪ್ಪು ಬಟ್ಟೆಯಲ್ಲೇ ಇದ್ದಾರೆ. ಕಾಲೇಜಿನ ಮೊದಲ ದಿನ ನಾನು ಹೊಸ್ತಿಲು ದಾಟುತ್ತೇನೆ, ಗೇಟಿನ ಬಳಿ ನಾನು ಮರೆತಿದ್ದ ಛತ್ರಿ ಹಿಡಿದುಕೊಂಡು ಆಕೆ ನೇರ ಎದುರಿಗೆ ಬಂದರು. ಅಕ್ಕಾ, ನಾನು ಏನು ಮಾಡಿದೆ ಗೊತ್ತೇ? ನಮ್ಮ ಮನೆಯಲ್ಲಿ ಅಪಶಕುನವಾದರೆ ಮಾಡುವುದನ್ನೇ ಮಾಡಿದೆ. ತಿರುಗಿ ಒಳಗೆ ಹೋಗಿ ಕೂತು, ನೀರು ಕುಡಿದು, ದೇವರನ್ನು ನೆನೆದೆ. ಯೋಚನೆ ಮಾಡಿ ಮಾಡಲಿಲ್ಲ, ಕಾಲೇ ತಿರುಗಿತು. ಆಕೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿ, “ಹೆದರಿಕೆಯೇ ಮಗು? ನನ್ನ ಮಗನನ್ನೂ ಹೀಗೇ ಗೇಟಿನವರೆಗೆ ಬಿಟ್ಟು ಬರುತ್ತಿದ್ದೆ” ಎಂದರು. ನಾನು ಛತ್ರಿ ಇಸಿದುಕೊಂಡು ಹೊರಟೆ.

ಮರುದಿನ ಹೊರಟಾಗ ಆಕೆ ಕಾಣಲಿಲ್ಲ. ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ನಿಂತಿದ್ದರು. ಕೇಳಿದ್ದಕ್ಕೆ, “ನಾನು ಬರುವುದು ನಿನಗೆ ಇಷ್ಟವಿಲ್ಲ ಅನಿಸಿತು” ಎಂದರು. ಅಯ್ಯೋ, ಆ ಬಾಗಿಲ ಸಂದಿಯಲ್ಲಿ ನಿಂತವರು ನನಗೆ ಮಿಸೆಸ್ ವುಡ್ ಆಗಿ ಕಾಣಲಿಲ್ಲ. ಊರಲ್ಲಿ ಒಬ್ಬಳನ್ನು ಮರೆಗೆ ಕಳಿಸಿ ಬಂದದ್ದು ಸಾಲದೆ ಇಲ್ಲಿ ಇನ್ನೊಬ್ಬರನ್ನೂ ಕಳಿಸಿದೆನಲ್ಲ! “ಬರ್ರಿ, ಗೇಟಿನ ತನಕ ಬರ್ರಿ” ಎಂದು ಕನ್ನಡದಲ್ಲೇ ಕೈಹಿಡಿದು ಕರೆದುಕೊಂಡು ಹೋದೆ. ಈಗ ದಿನಾ ಅವರ ಮುಖ ನೋಡಿಯೇ ಹೊರಡುತ್ತೇನೆ. ಪಾಠ ತಲೆಗೆ ಹತ್ತುತ್ತಿದೆ, ಕಾಲು ಜಾರಿ ಬಿದ್ದಿಲ್ಲ, ಕೆಟ್ಟದ್ದೇನೂ ಆಗಿಲ್ಲ. ಪರದೇಶದ ಹೆಂಗಸಿಗೆ ಮಾಡಿದ ಇಷ್ಟು ಸಣ್ಣ ಮರ್ಯಾದೆಯನ್ನು ಹೆತ್ತವಳಿಗೆ ಮಾಡಲಾಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಪುಟ್ಟ ನೀರಜೆಯ ಜ್ವರ ಪೂರ್ತಿ ಬಿಟ್ಟಿತೇ? ಸೋದರಮಾವನ ಆಶೀರ್ವಾದ ಆಕೆಯ ತಲೆಯ ಮೇಲಿರಲಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಪ್ರಭಂಜನ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಗಾದಿಗನೂರಿನಲ್ಲಿ ರೈಲು ನಿಂತಾಗ ತಂತಿಬೇಲಿಯ ಆಚೆ ಹುಲುಗಪ್ಪ ನಿಂತಿದ್ದ. ಅವನ ಪಕ್ಕದಲ್ಲಿ, ಅಪ್ಪ ಹೋದಾಗಿನಿಂದ ಉಡುವ ಅದೇ ಕೆಂಪು ಮಡಿಸೀರೆ. ಅಮ್ಮ ರೈಲಿಗೆ ಬೆನ್ನು ತಿರುಗಿಸಿ ನಿಂತಿದ್ದಳು, ತನ್ನ ಮುಖ ನನಗೆ ಕಾಣಬಾರದೆಂದು. ಹುಲುಗಪ್ಪ ನೋಡಿ ನೋಡಿ ಆಕೆಗೆ ಹೇಳುತ್ತಿದ್ದ: “ಕಿಟಕ್ಯಾಗ ಕುಂತಾರ್ರವ್ವ. ಕ್ವಾಟು ಹಾಕ್ಯಾರ. ಮಸ್ತ್ ಕಾಣ್ತಾರ.” ಆಕೆ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಗುಂತಕಲ್ಲಿನವರೆಗೆ ಬಿಡಲು ಬಂದ ತಿರುಮಲ ಮಾಮ ಕೂತಿದ್ದರು. ನಾನು ನೋಡದವನಂತೆ ಟೊಪ್ಪಿಗೆ ಸರಿ ಮಾಡಿಕೊಂಡೆ. ಕರೆಯಲಿಲ್ಲ. ಕರೆದಿದ್ದರೆ ತಿರುಗುತ್ತಿದ್ದಳು ಅಕ್ಕಾ.

ನಾನು ನೋಡಿದೆನೆಂಬುದು ಆಕೆಗೆ ಇಂದಿಗೂ ಗೊತ್ತಿಲ್ಲ. ಇದನ್ನು ಮಾತ್ರ ಆಕೆಯ ಹತ್ತಿರ ಕೂತು ಓದಿ ಹೇಳು. ನಾನು ಬರುವ ದಿನ ಅದೇ ಬೇಲಿಯ ಹತ್ತಿರ ಬಂದು ನಿಲ್ಲು ಎನ್ನು. ಈ ಕಡೆಗೆ ಮುಖ ಮಾಡಿ ನಿಲ್ಲು ಎನ್ನು.