ಎಡಗಾಲಿನ ಪೆಡಲ್

ಮಾರ್ಚ್ ೭, ಶುಕ್ರವಾರ

ಪ್ರೀತಿಯ ಕೂಸಿಗೆ,

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನನ್ನ ಸೊಂಟ ಒಂದನ್ನು ಬಿಟ್ಟು. "ಐವತ್ತೆರಡು ವರ್ಷದ ಹೆಂಗಸನ್ನ ಇನ್ನೂ ಕೂಸು ಅಂತ ಬರೀತೀರಲ್ಲ, ಅವಳ ಗಂಡ ಓದಿದ್ರೆ ಏನಂದ್ಕೋತಾರೆ?" ಎಂದು ನಿನ್ನ ಅತ್ತಿಗೆ ಬೆನ್ನ ಹಿಂದೆ ನಿಂತು ನಗುತ್ತಿದ್ದಾಳೆ. ನಗಲಿ ಬಿಡು. ಭಾವನ ಕೆಮ್ಮು ಈಗ ಹೇಗಿದೆ?

ನಿನ್ನ ಎರಡು ಕಾಗದ ಬಂದು ನಾಲ್ಕು ತಿಂಗಳಾಯಿತು. ಚೆನ್ನಾಗಿ ಬೈದುಕೋ, ತಪ್ಪು ನನ್ನದೇ. ಕೆಲಸ ಇತ್ತು ಎಂದರೆ ಅದು ನೆಪ ಎಂದು ನಿನಗೆ ಗೊತ್ತು. ಆದರೆ ಈ ಸಲದ ಕೆಲಸ ಎಂಥದು ಎಂದು ಕೇಳಿದರೆ ನೀನೂ ಬಾಯಿ ಬಿಟ್ಟುಕೊಂಡು ಕೂರುತ್ತೀಯ. ನಾನು ಹಾರುವ ಯಂತ್ರ ಮಾಡುತ್ತಿದ್ದೇನೆ ಕಣೇ! ಮತ್ತೆ ಮುಖ್ಯವಾದ ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಕಥೆಯ ಗುಂಗಿನಲ್ಲಿ ಮರೆಯುತ್ತೇನೆ: ಹದಿನೈದನೇ ತಾರೀಕು ಶನಿವಾರದೊಳಗೆ ನೀನು ಇಲ್ಲಿಗೆ ಬರಬೇಕು. ಬರದಿದ್ದರೆ ಆ ಯಂತ್ರವನ್ನು ಕೆಡಿಸಿಬಿಡುತ್ತಾರೆ.

ನಮ್ಮ ಮ್ಯೂಸಿಯಂನಲ್ಲಿ ಹಳೆಯ ಕಾಗದಪತ್ರ ನೋಡಿಕೊಳ್ಳುವ ಒಬ್ಬಾಕೆ ಇದ್ದಾರೆ. ಎರಡು ಕನ್ನಡಕ ಕುತ್ತಿಗೆಗೆ ನೇತುಹಾಕಿಕೊಂಡು ಮೂರನೆಯದನ್ನು ಹುಡುಕುತ್ತಿರುತ್ತಾರೆ. ನಾವೆಲ್ಲ ಕನ್ನಡಕದಮ್ಮ ಎನ್ನುತ್ತೇವೆ, ಎದುರಿಗಲ್ಲ. ಅವರು ಯಾವುದೋ ಹಳೆಯ ಪುಸ್ತಕದ ರಟ್ಟು ಬಿಚ್ಚುವಾಗ ಒಳಗೆ ಮೂರು ಹಾಳೆ ಸಿಕ್ಕವು. ರಟ್ಟು ದಪ್ಪವಾಗಲೆಂದು ಯಾರೋ ಪುಣ್ಯಾತ್ಮ ಅಂಟಿಸಿಬಿಟ್ಟಿದ್ದ. ನೆನೆಸಿ ಬಿಡಿಸಿದರೆ ಏನು? ಹಾರುವ ಯಂತ್ರದ ನಕ್ಷೆ: ರೆಕ್ಕೆ, ಹಗ್ಗ, ಸೀಟು, ಎರಡು ಪೆಡಲ್! ಮುನ್ನೂರು ವರ್ಷದ ಹಿಂದಿನದಂತೆ. ಬರೆದವನ ಹೆಸರಿಲ್ಲ, ಊರಿಲ್ಲ.

ಅದನ್ನು ನಿಜವಾದ ಅಳತೆಯಲ್ಲೇ ಮಾಡಿ ದೊಡ್ಡ ಹಾಲಿನಲ್ಲಿ ಇಡಬೇಕೆಂದು ನಮ್ಮ ದೊಡ್ಡ ಮೇಡಂ ನನಗೆ ಒಪ್ಪಿಸಿದರು. ಈ ಯಂತ್ರ ಹಾರುವುದಿಲ್ಲ ಎಂದು ನನ್ನಂಥ ಬಡಗಿಗೂ ಗೊತ್ತಾಗುತ್ತದೆ, ಅಷ್ಟು ಭಾರ. ಆದರೂ ಆ ಮನುಷ್ಯ ಏನೆಲ್ಲ ಯೋಚಿಸಿದ್ದಾನೆ ನೋಡು. ಸೀಟಿನ ಪಕ್ಕ ಒಂದು ಸಣ್ಣ ಕೊಕ್ಕೆ ಬರೆದಿದ್ದಾನೆ. ಅದಕ್ಕೆ ಯಾವ ಹಗ್ಗವೂ ಬರುವುದಿಲ್ಲ, ಏತಕ್ಕಿರಬಹುದು ಎಂದು ನಾನು ಮೂರು ದಿನ ತಲೆ ಕೆರೆದುಕೊಂಡೆ. ಕೊನೆಗೆ ಕನ್ನಡಕದಮ್ಮ ಹೇಳಿದರು: "ನೀರಿನ ತಂಬಿಗೆಗೆ ಇರ್ಬೇಕು. ಮೇಲೆ ಹೋದ್ಮೇಲೆ ಬಾಯಾರಿದ್ರೆ?" ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಒಂಥರಾ ಅಕ್ಕರೆ ಬಂದುಬಿಟ್ಟಿತು.

ಇನ್ನು ನನ್ನ ಪೆದ್ದುತನ ಕೇಳು. ನಕ್ಷೆಯಲ್ಲಿ ಎಡಗಾಲಿನ ಪೆಡಲ್ ಬಲಗಾಲಿನದಕ್ಕಿಂತ ಮೂರು ಬೆರಳು ಸೀಟಿಗೆ ಹತ್ತಿರ ಇತ್ತು. ಒತ್ತಿದರೆ ಅದು ಹೋಗುವ ದೂರವೂ ಕಡಿಮೆ. ಹಳೆಯ ಹಾಳೆ, ನೆನೆದು ಸುಕ್ಕಾಗಿದೆ, ಇಲ್ಲವೇ ಬರೆಯುವಾಗ ಅವನ ಕೈ ಜಾರಿದೆ ಎಂದುಕೊಂಡೆ. ಯಾರನ್ನೂ ಕೇಳದೆ ಎರಡನ್ನೂ ಸಮ ಮಾಡಿ ಕೂರಿಸಿದೆ. ಮೂವತ್ತೈದು ವರ್ಷ ಕೆಲಸ ಮಾಡಿದವನಿಗೆ ಇಷ್ಟು ತಿದ್ದಲು ಬರುವುದಿಲ್ಲವೇ ಎಂಬ ಜಂಬ.

ರೆಕ್ಕೆ ಕಟ್ಟಿ ಸೀಟಿನ ಮೇಲೆ ಕುಳಿತು ಒತ್ತಿದೆ. ಎಡ ರೆಕ್ಕೆ ಪಟ್ ಎಂದು ಪೂರ್ತಿ ಮೇಲೆದ್ದಿತು, ಬಲದ್ದು ಆಗಿನ್ನೂ ಅರ್ಧಕ್ಕೇ ಬಂದಿತ್ತು. ಇನ್ನೊಂದು ಸಲ ಒತ್ತಿದರೂ ಅದೇ ಕಥೆ. ಯಂತ್ರ ಕುಂಟುತ್ತಿತ್ತು ಕೂಸೇ. ಹಗ್ಗ ಸುತ್ತುವ ಮರದ ಉರುಳೆಗಳನ್ನು ಬಿಚ್ಚಿ ನೋಡಿದರೆ ಎಡಗಡೆಯದು ಸಣ್ಣದು. ನಾನು ನಕ್ಷೆಯಲ್ಲಿ ಇದ್ದಂತೆಯೇ ಕಡೆದಿದ್ದೆ, ಆದರೆ ಯಾಕೆ ಸಣ್ಣದು ಎಂದು ಕೇಳಿಕೊಂಡಿರಲಿಲ್ಲ. ಸಣ್ಣ ಉರುಳೆಯಾದರೆ ಸ್ವಲ್ಪ ಒತ್ತಿದರೂ ರೆಕ್ಕೆ ಪೂರ್ತಿ ಏಳುತ್ತದೆ. ಹಾಗಾದರೆ ಇವನು ಎರಡು ಕಡೆ ತಪ್ಪು ಮಾಡಿ, ಒಂದು ತಪ್ಪು ಇನ್ನೊಂದನ್ನು ಸರಿಮಾಡುವ ಹಾಗೆ ಬರೆದನೇ? ಉಳಿ ಕೆಳಗಿಟ್ಟು ನಕ್ಷೆಯನ್ನು ಮತ್ತೆ ಹರಡಿದೆ.

ಆ ಹೊತ್ತಿಗೆ ನಿನ್ನ ಅತ್ತಿಗೆ ಊಟದ ಡಬ್ಬಿ ತಂದಳು. ನಕ್ಷೆಯನ್ನು ಒಂದು ಸಲ ನೋಡಿದಳು, ಸೀಟನ್ನು ಒಂದು ಸಲ ನೋಡಿದಳು.

"ಇದೇನ್ರೀ, ನಮ್ಮ ಕೂಸಿನ ಕಾಲಳತೆ ಇದ್ದ ಹಾಗಿದೆಯಲ್ಲ!" ಎಂದಳು.

ನಿನ್ನ ಎಡ ಚಪ್ಪಲಿಗೆ ವರ್ಷವರ್ಷ ಮರದ ಪಟ್ಟಿ ಕೂರಿಸಿ ಕೊಡುವವನು ನಾನು. ಅದರ ದಪ್ಪ ಮೂರು ಬೆರಳು ಎಂದು ನನ್ನ ಕೈಗೇ ಗೊತ್ತು. ನನಗೆ ಹೊಳೆಯಲಿಲ್ಲ, ಡಬ್ಬಿ ತಂದವಳಿಗೆ ಹೊಳೆಯಿತು. ಅತ್ತಿಗೆ ಇದನ್ನು ಈಗ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಪೆಡಲ್‌ಗಳನ್ನು ಮತ್ತೆ ನಕ್ಷೆಯಲ್ಲಿದ್ದಂತೆಯೇ ಕೂರಿಸಿದೆ. ಆ ಸೀಟಿನಲ್ಲಿ ನನಗೆ ಕೂರಲು ಆಗುವುದಿಲ್ಲ, ಎಡ ಮಂಡಿ ಎದೆಗೆ ಬರುತ್ತದೆ. ಯಾರಿಗಾಗಿ ಮಾಡಿದನೋ! ಅವನದೇ ಕಾಲೋ, ಹೆಂಡತಿಯದೋ, ಮಗಳದೋ? ಎಲ್ಲರೂ ನೆಲದ ಮೇಲೆ ನಡೆಯುವಾಗ ಹಿಂದೆ ಉಳಿಯುತ್ತಿದ್ದ ಯಾರನ್ನೋ ಮೊದಲು ಮೇಲೆ ಕಳಿಸಬೇಕೆಂದು ಅವನಿಗೆ ಅನ್ನಿಸಿರಬೇಕು. ಕನ್ನಡಕದಮ್ಮನನ್ನು ಕೇಳಿದರೆ, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬೋರ್ಡಲ್ಲಿ ಬರೀತೀನಿ. ಆದ್ರೆ ಪೆಡಲ್ ಮಾತ್ರ ಮುಟ್ಟಬೇಡಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಕನ್ನಡಕ ಹುಡುಕುವವರ ಹಾಗೆ ಆಚೆ ತಿರುಗಿಕೊಂಡರು.

ದೊಡ್ಡ ಮೇಡಂ ಒಪ್ಪಲಿಲ್ಲ. ಕೆಟ್ಟವರಲ್ಲ ಪಾಪ, ಆದರೆ ನೋಡಲು ಬರುವವರ ಚಿಂತೆ ಅವರಿಗೆ. "ಬಂದವರು ಬಡಗಿಗೆ ಅಳತೆ ಬರಲ್ಲ ಅಂತಾರೆ. ಪೆಡಲ್ಲೂ ಉರುಳೆನೂ ಎರಡೂ ಸಮ ಮಾಡಿಬಿಡಿ, ಮುಗೀತು" ಎಂದರು. ನಾನು ಜನ್ಮದಲ್ಲಿ ಅವರೆದುರು ದನಿ ಎತ್ತಿದವನಲ್ಲ, ಅವತ್ತು ಎತ್ತಿದೆ. ಕೊನೆಗೆ ಅವರೇ ಸ್ವಲ್ಪ ಇಳಿದರು: "ಸರಿ. ಆ ಅಳತೆಗೆ ಹೊಂದೋರು ಯಾರಾದ್ರೂ ಅದರಲ್ಲಿ ಕೂತು, ಎರಡೂ ರೆಕ್ಕೆ ಸಮವಾಗಿ ಆಡಿಸಿ ತೋರಿಸ್ಲಿ. ನನ್ನ ಕಣ್ಣಲ್ಲಿ ನೋಡಿದ್ರೆ ಹಾಗೇ ಬಿಡ್ತೀನಿ. ಹದಿನೈದನೇ ತಾರೀಕಿನವರೆಗೆ ಟೈಮು."

ನನಗೆ ಗೊತ್ತಿರುವವಳು ನೀನೊಬ್ಬಳೇ. ಸೀಟು ಎದೆಮಟ್ಟಕ್ಕಿದೆ, ಪುಟ್ಟ ಏಣಿ ಮಾಡಿಟ್ಟಿದ್ದೇನೆ. ಹಗ್ಗಕ್ಕೆ ಮೇಣ ಸವರಿದ್ದೇನೆ, ಬಿಗಿ ಇಲ್ಲ. ಮುನ್ನೂರು ವರ್ಷದಿಂದ ಆ ಸೀಟು ಸರಿಯಾದವರಿಗಾಗಿ ಕಾಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ನಗಬೇಡ. ನೀನು ಕುಳಿತು ಒತ್ತಿದಾಗ ಆ ರೆಕ್ಕೆಗಳು ಹೇಗೆ ಏಳುತ್ತವೆ ಎಂದು ನೋಡಲು ನನಗೆ ಮಕ್ಕಳ ಹಾಗೆ ಆಸೆಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಟ್ಟಿಯಾಗಿರು, ನಗುತ್ತಿರು. ನಿನ್ನ ಮನೆ ತಣ್ಣಗಿರಲಿ, ನೀನು ಕೈಯಿಟ್ಟ ಕೆಲಸವೆಲ್ಲ ಕೈಗೂಡಲಿ.

ನಿನ್ನ ಅಣ್ಣ

ತಾ. ಕ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬಾರದೆ ಉಳಿದದ್ದು. ನಿನಗೆ ಹದಿನೇಳು ತುಂಬಿದ ವರ್ಷ ನಕ್ಷೆ ಬರೆಯುವ ಕೋರ್ಸಿಗೆ ಪರೀಕ್ಷೆ ಕಟ್ಟಿದ್ದೆಯಲ್ಲ. ಸೀಟು ಸಿಗಲಿಲ್ಲ ಎಂದು ನಾವು ಹೇಳಿದೆವು. ಸಿಕ್ಕಿತ್ತು ಕೂಸೇ. ಕಾಗದ ಬಂದಿತ್ತು. ತರಗತಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ನಿಮ್ಮ ಹುಡುಗಿಗೆ ದಿನಾ ಹತ್ತಲು ಆಗುತ್ತದೆಯೇ ಎಂದು ಕೇಳಿದ್ದರು. ಅಪ್ಪ, "ನೀನೇ ಏನಾದ್ರೂ ಬರೆದುಬಿಡು" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನೀನು ಪಕ್ಕದ ಕೋಣೆಯಲ್ಲೇ ಇದ್ದೆ. ಕೂಗಿ ಒಂದು ಮಾತು ಕೇಳಬಹುದಿತ್ತು. ಆಗುವುದಿಲ್ಲ ಎಂದು ಬರೆದು ಕಳಿಸಿದೆ. ಎಲ್ಲಿ ಬಿದ್ದುಬಿಡುತ್ತೀಯೋ ಎಂಬ ಭಯ, ಅದನ್ನೇ ಪ್ರೀತಿ ಎಂದುಕೊಂಡೆ. ಎರಡು ದಿನದ ಮೇಲೆ ನೀನು ಪೆನ್ಸಿಲ್ ಡಬ್ಬಿಯನ್ನು ಎದುರು ಮನೆಯ ಹುಡುಗಿಗೆ ಕೊಟ್ಟು ಬಂದೆ, ನಾನು ನೋಡಿಯೂ ಸುಮ್ಮನಿದ್ದೆ. ಮೊನ್ನೆ ಆ ಕಟ್ಟಡಕ್ಕೆ ಹೋಗಿ ಎಣಿಸಿ ಬಂದೆ. ಅರವತ್ತಾರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇದೆ. ಬಿಟ್ಟಿದ್ದರೆ ನೀನು ಹತ್ತುತ್ತಿದ್ದೆ.

ಇದನ್ನು ತಿಳಿದ ಮೇಲೂ ಬರಬೇಕೆಂದು ನಾನು ಹೇಗೆ ಕೇಳಲಿ? ನೀನು ಬಾರದಿದ್ದರೂ ಆ ಪೆಡಲ್ ಅನ್ನು ನಾನು ಮುಟ್ಟುವುದಿಲ್ಲ, ಸಮ ಮಾಡಲು ಬೇರೆ ಬಡಗಿಯನ್ನು ನೋಡಿಕೊಳ್ಳಿ ಎಂದು ಮೇಡಂಗೆ ಹೇಳಿಬಿಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ, ಅತ್ತಿಗೆಯನ್ನಾಗಲಿ ಭಾವನನ್ನಾಗಲಿ ನಾನು ಕೇಳುವುದಿಲ್ಲ. ಈ ಸಲ ಉತ್ತರ ನೀನೇ ಬರೆ.