ಕೈ ಎಲ್ಲಿತ್ತು?

ಮನೆಯ ಹಿಂದಿನ ಶೆಡ್ಡಿನಿಂದ,
ಸೋಮವಾರ, ನವೆಂಬರ್ ೧೭

ಪ್ರೀತಿಯ ತಮ್ಮಾ,

ಮೊದಲು ಆರೋಗ್ಯದ ಮಾತು, ಜಗಳ ಆಮೇಲೆ. ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುತ್ತೀಯೋ, ಇನ್ನೂ ಗೋಡೆ ಹಿಡಿದೇ ಓಡಾಟವೋ? ನಿನ್ನನ್ನು ಕರೆದುಕೊಂಡು ಹೋದ ಮಗಳು ಪುಟ್ಟಿ ಸೌಖ್ಯವೇ? ಅಳಿಯಂದಿರ ಕೆಮ್ಮು ನಿಂತಿತೇ? ಮೊಮ್ಮಗ ಗುಂಡನಿಗೆ ಮುಂದಿನ ಹಲ್ಲು ಬಂತೇ, ಇಲ್ಲಾ ಇನ್ನೂ ‘ಸೈಕಲ್’ಗೆ ‘ತೈಕಲ್’ ಅನ್ನುತ್ತಾನೋ? ಇಲ್ಲಿ ನಿನ್ನ ಅತ್ತಿಗೆ ಗಟ್ಟಿಯಾಗಿದ್ದಾಳೆ, ಅವಳ ಬಾಯಿ ಅದಕ್ಕಿಂತ ಗಟ್ಟಿಯಾಗಿದೆ. ನಾನೂ ಚೆನ್ನಾಗಿದ್ದೇನೆ. ಅಂಗಿಯ ಬಲತೋಳು ಏರಿಸಲು ಅವಳನ್ನು ಕರೆಯಬೇಕಾಗುತ್ತದೆ, ಅಷ್ಟೇ. ವಯಸ್ಸಾಯಿತಲ್ಲ.

ಈಗ ಜಗಳ. ಎಂಟು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಫೋನ್ ಮಾಡಿದರೆ ಪುಟ್ಟಿ ಎತ್ತಿಕೊಂಡು “ಅಪ್ಪ ಮಲಗಿದಾರೆ ದೊಡ್ಡಪ್ಪಾ” ಅನ್ನುತ್ತಾಳೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದೀಯ, ಸಂಜೆ ಐದಕ್ಕೂ ಮಲಗಿದ್ದೀಯ. ನಿನಗೆ ಮುರಿದದ್ದು ಮಂಡಿಯೋ, ಬಡಿದದ್ದು ನಿದ್ದೆಯೋ? ಇಪ್ಪತ್ತೆಂಟು ವರ್ಷ ಊರಿನವರ ಮಂಚ, ಬೀರು, ಸೋಫಾಗಳನ್ನು ಎರಡು ವ್ಯಾನುಗಳಲ್ಲಿ ಮನೆಯಿಂದ ಮನೆಗೆ ಸಾಗಿಸಿದವರು ನಾವು. ಆಸ್ಪತ್ರೆಯಿಂದ ಬಿಟ್ಟ ದಿನ ನನಗೆ ಒಂದು ಮಾತು ಹೇಳದೆ ಮಗಳ ಕಾರು ಹತ್ತಿ ಹೋದೆ. ಸಿಗ್ನಲ್ ಹಾಕದೆ ತಿರುಗುವುದು ಅಂದರೆ ಅದೇ ಕಣೋ.

ಊರಿಗೆ ಊರೇ ಹಾಗಾಗಿದೆ ಬಿಡು. ನಿನ್ನ ವ್ಯಾನು ಮೂತಿ ಜಜ್ಜಿಸಿಕೊಂಡು ಇನ್ನೂ ಗ್ಯಾರೇಜಿನಲ್ಲೇ ನಿಂತಿದೆ. ನನ್ನದಕ್ಕೆ ಬಾಗಿಲು ಬದಲಾಯಿಸಿದ್ದಾಯಿತು, ಒಬ್ಬನೇ ಓಡಿಸುತ್ತಿದ್ದೇನೆ. ಮೊದಲು ನೀನು ಕಾಣುತ್ತಿದ್ದ ಕನ್ನಡಿಯಲ್ಲಿ ಈಗ ಬರೀ ಕತ್ತೆಗಳು ಕಾಣುತ್ತವೆ. ಎದುರುಮನೆಯ ಹಲ್ಲಿನ ಡಾಕ್ಟರು ಪೂರ್ತಿ ತಿರುಗಿ ನೇರವಾದ ಮೇಲೆ ಇಂಡಿಕೇಟರ್ ಹಾಕುತ್ತಾರೆ, ಮದುವೆ ಮುಗಿದ ಮೇಲೆ ಕರೆಯೋಲೆ ಹಂಚಿದ ಹಾಗೆ. ಬೇಕರಿಯವನದು ಇನ್ನೊಂದು ಬಗೆ. ಹಾಕಿದ್ದನ್ನು ಆರಿಸುವುದೇ ಇಲ್ಲ. ಎಡಕ್ಕೆ, ಎಡಕ್ಕೆ ಎಂದು ಕಣ್ಣು ಮಿಟುಕಿಸುತ್ತ ಮೂರು ಮೈಲಿ ನೆಟ್ಟಗೆ ಹೋಗುತ್ತಾನೆ. ಮೊನ್ನೆ ಅವನ ಹಿಂದೆ ಸಿಕ್ಕಿಹಾಕಿಕೊಂಡು ಕಾದೆ, ಕಾದೆ, ಕೆಂಪು ದೀಪದ ಹತ್ತಿರ ನಿಂತಾಗ ಇಳಿದು ಹೋಗಿ ಅವನ ಗಾಜು ತಟ್ಟಿದೆ. “ಏನ್ ತಾತಾ, ಲೈಟ್ ನಂದು, ಬ್ಯಾಟರಿ ನಂದು, ನಿಮಗೇನ್ ಉರಿ?” ಅಂದ. ಇಂಥವನಿಗೆ ಏನು ಹೇಳುವುದು? ಹೇಳಿದೆ. ಇಲ್ಲಿ ಬರೆಯುವಂಥದ್ದಲ್ಲ, ಗುಂಡ ಓದಲು ಕಲಿಯುತ್ತಿದ್ದಾನೆ. ದಾರಿ ಬಿಟ್ಟುಕೊಟ್ಟರೆ ತಲೆಯಾಡಿಸುವ ಮರ್ಯಾದೆಯೂ ಈಗ ಯಾರಿಗೂ ಇಲ್ಲ. ಅವರಪ್ಪ ಹಾಕಿಸಿದ ರಸ್ತೆಯಲ್ಲಿ ನಾನು ಭಿಕ್ಷೆಗೆ ನಿಂತಿದ್ದೇನೆ ಎನ್ನುವ ಹಾಗೆ ನೋಡಿ ಹೋಗುತ್ತಾರೆ.

ನಮಗೇನು ಯಾರಾದರೂ ಕೂರಿಸಿ ಕಲಿಸಿದ್ದರೇ? ನಾನು ಅಕ್ಷರ ಕಲಿತದ್ದೇ ಮುಂದಿನ ಲಾರಿಗಳ ಬೆನ್ನು ಓದಿ. ‘ಅಂತರವಿರಲಿ’ ಎಂಬುದೇ ನಾನು ಕೂಡಿಸಿ ಓದಿದ ಮೊದಲ ಪದ. ಆದರೂ ನಮ್ಮಿಬ್ಬರ ಕಾನೂನು ಎಷ್ಟು ಚೊಕ್ಕವಾಗಿತ್ತು! ಮುಂದೆ ನಾನು, ಹಿಂದೆ ನೀನು. ಬರೀ ಬಲದೀಪ ಮಿಟುಕಿದರೆ ‘ಎದುರು ಯಾರೂ ಇಲ್ಲ, ನನ್ನನ್ನು ದಾಟಿ ಹೋಗು’. ದೀಪದ ಜೊತೆ ನನ್ನ ಕೈಯೂ ಕಿಟಕಿಯಾಚೆ ಬಂದರೆ ‘ನಾನೇ ಬಲಕ್ಕೆ ತಿರುಗುತ್ತೇನೆ, ನೀನು ತಡಿ’. ಮರದ ಡಿಪೋ ದಾಟಿ ರಸ್ತೆ ಅಗಲವಾಗುವಲ್ಲಿ ದಿನಾ ನಿನ್ನನ್ನು ಮುಂದೆ ಬಿಡುತ್ತಿದ್ದೆ, ಹಗ್ಗ, ಹಲಗೆ ಎಲ್ಲ ನಿನ್ನ ವ್ಯಾನಿನಲ್ಲಿ ಇರುತ್ತಿದ್ದವಲ್ಲ.

ಆ ದಿನ ಅದೇ ಜಾಗದಲ್ಲಿ ಡೀಸೆಲ್ ಹಾಕಿಸಲು ಬಲಕ್ಕೆ, ಬಂಕಿನ ಕಡೆ ತಿರುಗಿದೆ. ದೀಪ ಹಾಕಿದ್ದೆ. ಇಡೀ ರಸ್ತೆಗೆ ಕಂಡ ದೀಪ ನಿನಗೊಬ್ಬನಿಗೆ ಕಾಣಲಿಲ್ಲವೇ? ನುಗ್ಗಿ ಬಂದು ನನ್ನ ಬಾಗಿಲಿಗೆ ಗುದ್ದಿ, ಆಮೇಲೆ ಕಂಬಕ್ಕೆ ಗುದ್ದಿ ಮಂಡಿ ಮುರಿದುಕೊಂಡೆ. ತಿರುಗುವವನನ್ನು ದಾಟಲು ಹೋದವನದೇ ತಪ್ಪು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನೀನೋ, ಸ್ಟ್ರೆಚರ್ ಮೇಲೆ ಮಲಗಿಕೊಂಡು, ನರ್ಸಮ್ಮ, ಇನ್ಸ್‌ಪೆಕ್ಟರು, ನಿನ್ನ ಅತ್ತಿಗೆ ಎಲ್ಲರ ಮುಂದೆ ನನ್ನನ್ನು ಕೇಳಿದ್ದು ಒಂದೇ ಮಾತು: “ಅಣ್ಣಾ, ಕೈ ಎಲ್ಲಿತ್ತು?” ಒಡಹುಟ್ಟಿದ ಅಣ್ಣನನ್ನು ಕೇಳುವ ಮಾತೇನೋ ಅದು? ಮೀಸೆ ಚಿಗುರುವ ಮೊದಲೇ ನಿನಗೆ ಸ್ಟೇರಿಂಗ್ ಹಿಡಿಸಿದವನು ನಾನು. “ಕೈ ಆಚೆಯೇ ಇತ್ತು, ಬರ್ಕೊಳ್ಳಿ ಸಾರ್” ಅಂದೆ. ಇನ್ಸ್‌ಪೆಕ್ಟರು ಬರೆದುಕೊಂಡರು. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಇವತ್ತಿನವರೆಗೂ ಈ ಕಡೆ ತಿರುಗಿಸಿಲ್ಲ.

ಈಗ ಲೈಸೆನ್ಸ್ ಕಚೇರಿಯಿಂದ ಕಾಗದ ಬಂದಿದೆ, ನಿನಗೂ ಬಂದಿರಬೇಕು. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ನಿನ್ನ ಲೈಸೆನ್ಸನ್ನು ಕಾಯಮ್ಮಾಗಿ ಕಿತ್ತುಕೊಳ್ಳುವುದೋ ಬೇಡವೋ ಎಂದು ಅವತ್ತೇ ತೀರ್ಮಾನ, ಸಾಕ್ಷಿ ನಾನು. ಆ ಕಾಗದ ಹಿಡಿದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿನ್ನನ್ನು ಬೈಯುತ್ತ ಕೂತಿದ್ದೆ. ಪಾತ್ರೆ ತೊಳೆಯುತ್ತಿದ್ದ ನಿನ್ನ ಅತ್ತಿಗೆ ತಿರುಗಿ ನೋಡಿ, “ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?” ಅಂದಳು. ಗಾದೆ ಹೇಳುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ? ಎದ್ದು ಬಂದುಬಿಟ್ಟೆ. ಅದಕ್ಕೇ ಈ ಶೆಡ್ಡು, ಯಾರೋ ಬೇಡವೆಂದು ಬಿಟ್ಟುಹೋದ ಸೋಫಾ, ತೊಡೆಯ ಮೇಲೆ ಈ ಹಾಳೆ. ಫೋನಿಗಾದರೆ ನೀನು ಮಲಗಿರುತ್ತೀಯ. ಕಾಗದದ ಮುಂದೆ ಯಾರೂ ಮಲಗಿದ ಹಾಗೆ ನಟಿಸಲಾರರು.

ಮಂಡಿಯ ಮೇಲೆ ಭಾರ ಹಾಕಬೇಡ. ಪುಟ್ಟಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ, ಗುಂಡನಿಗೆ ಬರಬೇಕಾದ ಹಲ್ಲಿಗೂ ಒಂದು. ನಿನಗೆ ಮಾತ್ರ ಅರ್ಧ ಆಶೀರ್ವಾದ, ಉಳಿದರ್ಧ ಉತ್ತರ ಬಂದ ಮೇಲೆ.

ಇಂತಿ, ಸಿಟ್ಟಿನಲ್ಲಿರುವ
ನಿನ್ನ ಅಣ್ಣ

ಮರೆತದ್ದು: ಇದನ್ನು ನಿಮ್ಮ ಕಡೆ ಬರುವ ಬಸ್ಸಿನ ಡ್ರೈವರನ ಕೈಲಿ ಕೊಡುತ್ತಿದ್ದೇನೆ. ಅವನು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಕೈ ತೊಡೆಯ ಮೇಲಿತ್ತು. ಹೆಗಲು ಹಿಡಿದುಕೊಂಡು ಆರು ತಿಂಗಳಾಯಿತು, ಗಾಜು ಇಳಿಸಲೂ ಏಳುವುದಿಲ್ಲ. ಬಲ ತಿರುವೇ ಇಲ್ಲದ ದಾರಿ ಹುಡುಕಿ ಹುಡುಕಿ ಹೋಗುತ್ತಿದ್ದೆ. “ಯಾಕಣ್ಣಾ ಈ ಸುತ್ತುದಾರಿ?” ಎಂದು ನೀನು ನಗುತ್ತಿದ್ದೆಯಲ್ಲ, ಅದಕ್ಕೆ. ಆ ದಿನ ಡೀಸೆಲ್ ಮುಗಿಯುತ್ತ ಬಂದಿತ್ತು. ನಿಜ ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತದೆ ಎಂದು ನಿನ್ನದನ್ನು ಮುಂದೆ ಮಾಡಿದೆ. ನೀನು ದೀಪ ನೋಡಿದೆ, ಕೈ ನೋಡಲಿಲ್ಲ, ನಮ್ಮ ಕಾನೂನಿನ ಪ್ರಕಾರವೇ ಬಂದೆ. ಗುರುವಾರ ಇದನ್ನೇ ಹೇಳುತ್ತೇನೆ. ಕೈ ಎತ್ತಿ ತೋರಿಸಿ ಅಂದರೆ ಎಷ್ಟು ಏಳುತ್ತದೋ ಅಷ್ಟು ತೋರಿಸುತ್ತೇನೆ. ಬುಧವಾರ ಇದೇ ಬಸ್ಸು ವಾಪಸು ಬರುತ್ತದೆ, ಡ್ರೈವರನ ಕೈಲಿ ಒಂದು ಸಾಲು ಕೊಟ್ಟು ಕಳಿಸು. ಬೈದಾದರೂ ಸರಿ, ಬರಿ.