ಅಪ್ಪನ ನೋವಿಗೆ ಹತ್ತಕ್ಕೆ ಒಂಬತ್ತು

ಹುಬ್ಬಳ್ಳಿ, ಆಸ್ಪತ್ರೆಯ ಎರಡನೇ ಮಹಡಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀ? ಈ ಥಂಡಿಗೆ ಕೂಸಿನ ಉಬ್ಬಸ ಹೆಚ್ಚಾಗಿಲ್ಲ ಅಂದುಕೊಂಡಿದ್ದೇನೆ. ಭಾವನ ಮೊಣಕಾಲು ಹೇಗಿದೆ? ಬೆಂಚಿನ ಮೇಲೆ ಮಲಗಿ ಕುತ್ತಿಗೆ ಹಿಡಿದುಕೊಂಡಿದ್ದೊಂದು ಬಿಟ್ಟರೆ ನಾನು ಆರಾಮಾಗಿದ್ದೇನೆ. ಎಮ್ಮೆ ಕರು ಹಾಕಿದ್ದರಿಂದ ಅವ್ವ ಹಿರೇಬೆಂಡಿಗೇರಿ ಬಿಟ್ಟು ಬರುವಂತಿಲ್ಲ. ದಿನಕ್ಕೆ ಆರು ಸಲ ಫೋನ್ ಮಾಡುತ್ತಾಳೆ. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನ್ನಿಂದ ಆಗದು. ನಾನು ‘ಅಪ್ಪ’ ಅಂದಕೂಡಲೇ ನೀನು ‘ಅಪ್ಪಗ ಬೆರಳಿಲ್ಲೇನು, ತಾನ ಫೋನ್ ಮಾಡ್ಲಿ’ ಅಂದು ಇಟ್ಟುಬಿಡುತ್ತೀ. ನನಗೆ ತಕ್ಕ ಮಾತು ಹೊಳೆಯುವುದು ನೀನು ಇಟ್ಟು ಕಾಲು ತಾಸಾದ ಮೇಲೆ. ಅದಕ್ಕೇ ಈ ಪತ್ರ. ಪಕ್ಕದ ಹಾಸಿಗೆಯ ಗೌಸಸಾಬ ಕಾಕಾ ಸವಣೂರಿನವರು. ಅವರ ಮಗ ರಮೀಜ ಗುರುವಾರ ನಿಮ್ಮ ಹಿರೇಕೆರೂರಿಗೇ ವೀಳ್ಯದೆಲೆ ಒಯ್ಯುತ್ತಾನಂತೆ, ಅವನ ಕೈಯಲ್ಲಿ ಕೊಡುತ್ತೇನೆ. ಕಾಗದ ಒದ್ದೆಯಾಗಿದ್ದರೆ ಅದು ಎಲೆಯ ನೀರು, ನಾನು ಅತ್ತಿದ್ದಲ್ಲ. ಅಳುವಷ್ಟು ಬಿಡುವು ಈ ಮನುಷ್ಯ ನನಗೆ ಕೊಟ್ಟಿಲ್ಲ.

ಶನಿವಾರ ಆಪರೇಷನ್ ಆಯಿತು. ಎಡಗಡೆ ಎರಡು ಪಕ್ಕೆಲುಬುಗಳ ನಡುವೆ ಒಂದು ಗೇಣು ಕೊಯ್ದು, ಪುಪ್ಪಸಕ್ಕೆ ಅಂಟಿಕೊಂಡಿದ್ದ ಕೀವಿನ ಪೊರೆಯನ್ನು ಸುಲಿದು ತೆಗೆದರು. ಎದೆಯಿಂದ ಒಂದು ದಪ್ಪ ಕೊಳವೆ ಕೆಳಗಿನ ಬಾಟಲಿಗೆ ಇಳಿದಿದೆ. ಇಷ್ಟು ಕೊಯ್ದ ಮೇಲೆ ಉಸಿರು ಎಳೆದರೂ ನೋಯಬೇಕು. ಆದರೆ ಅರಿವಳಿಕೆ ಕೊಡುವ ಫರ್ಹತ ಮೇಡಂ ಅವನ ಬೆನ್ನಿನಲ್ಲಿ, ಬೆನ್ನೆಲುಬಿನ ಪಕ್ಕಕ್ಕೆ, ದಾರದಷ್ಟು ಸಣ್ಣ ನಳಿಕೆಯೊಂದನ್ನು ಕೂರಿಸಿದ್ದಾರೆ. ಪಕ್ಕೆಲುಬಿನ ನರಗಳು ಅಲ್ಲಿಂದಲೇ ಹೊರಡುತ್ತವಂತೆ. ಮರಗಟ್ಟಿಸುವ ಔಷಧ ಒಂದು ಸಣ್ಣ ಪಂಪಿನಿಂದ ಹನಿಹನಿಯಾಗಿ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಅವರು ಬ್ಲಾಕ್ ಅನ್ನುತ್ತಾರೆ. ‘ಇದು ನಿದ್ದಿ ಔಷಧ ಅಲ್ರಿ, ಎದಿಮ್ಯಾಲೆ ಒಂದು ಪಟ್ಟಿಯಷ್ಟ ಜೋಮು ಹಿಡೀತೈತಿ. ನೋವಿಲ್ಲಂದ್ರ ಕೆಮ್ಮತಾರ, ಕೆಮ್ಮಿದ್ರ ಕಫ ಹೊರಗ ಬಂದು ಪುಪ್ಪಸ ಅರಳತೈತಿ. ಕೆಮ್ಮಲಿಲ್ಲಂದ್ರ ನಾವು ಮಾಡಿದ್ದೆಲ್ಲ ನೀರಾಗ ಹೋತು’ ಅಂತ ಅವರು ನನಗೆ ಹೇಳಿದರು. ಬ್ಲಾಕ್ ಚೆನ್ನಾಗಿ ಹತ್ತಿತು. ಭಾನುವಾರ ಬೆಳಿಗ್ಗೆಯೇ ಅಪ್ಪ ಎದ್ದು ಕುಳಿತ, ಚಹಾ ಕುಡಿದ, ಉಸಿರೆಳೆದು ಚೆಂಡು ಏರಿಸುವ ಆ ಪ್ಲಾಸ್ಟಿಕ್ ಆಟಿಕೆಯಲ್ಲಿ ಮೂರೂ ಚೆಂಡು ಏರಿಸಿ, ‘ಗೌಸಣ್ಣಾ, ನಿನ್ನವು ಎಷ್ಟು ಏರಿದ್ವು’ ಅಂತ ಕೇಳಿದ.

ಇಲ್ಲಿಂದ ನನ್ನ ಗೋಳು ಶುರು. ಹನ್ನೊಂದಕ್ಕೆ ಬಂಕಾಪುರದ ಚಂದ್ರಪ್ಪ ಮಾವ ಬ್ರೆಡ್ಡು, ಬಾಳೆಹಣ್ಣು ಹಿಡಿದು ಮಾತಾಡಿಸಲು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ತಡ, ಅಪ್ಪ ದಿಂಬಿನಿಂದ ಕೆಳಗೆ ಜಾರಿ, ಕಣ್ಣು ಮುಚ್ಚಿ, ‘ಅಯ್ಯಯ್ಯೋ ಯವ್ವಾ’ ಅಂತ ನರಳತೊಡಗಿದ. ನರ್ಸ್ ಓಡಿಬಂದು, ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿದರೆ, ‘ಒಂಬತ್ತು ಬರ್ಕೋರಿ’ ಅಂದ. ಮಾವ ಕಣ್ಣೊರೆಸಿಕೊಂಡು ಹೋದರು. ಅವರು ಮೆಟ್ಟಿಲಿಳಿದ ಮೇಲೆ ಎದ್ದು ಕುಳಿತು ಬಾಳೆಹಣ್ಣು ಸುಲಿದ. ‘ಈಗ ಎರಡು ಮಾಡ್ರಿ ಸಿಸ್ಟರ್’ ಅಂದ. ನಾನು ಏನಿದು ಅಂತ ಕೇಳಿದ್ದಕ್ಕೆ, ‘ಹುಚ್ಚಿ, ಎರಡು ಬಸ್ ಹತ್ತಿ ಇಳಿದು ಬಂದಾರ. ನಾ ನಕ್ಕೊಂತ ಕುಂತ್ರ ಅವರಿಗೆ ಏನು ಅನಸ್ತೈತಿ? ಇದನ್ನ ನೋಡಾಕ ಬಂದ್ವೇನು ಅನ್ನಂಗಿಲ್ಲ?’ ಅಂದ. ಅಂದಿನಿಂದ ಬಂದವರಿಗೆಲ್ಲ ಒಂದೊಂದು ನರಳಾಟ. ಹತ್ತಿರದವರಾದರೆ ಉದ್ದ, ದೂರದವರಾದರೆ ಗಿಡ್ಡ. ಗೌಸಸಾಬ ಕಾಕಾ ನಿನ್ನೆ ಅಂದರು: ‘ಮಾರೆಪ್ಪಣ್ಣಾ, ನೀ ನರಳೂದು ಕೇಳಿ ಇಲ್ಲಿ ನನ್ನ ಎದಿ ನೋಯಾಕ ಹತ್ತೈತಿ. ಸ್ವಲ್ಪ ಆ ಕಡೆ ತಿರಿಗಿ ನರಳು.’

ನಗಬೇಡ. ನರ್ಸ್ ಬರೆದ ಒಂಬತ್ತುಗಳನ್ನು ನೋಡಿ ನಿನ್ನೆ ಫರ್ಹತ ಮೇಡಂ ಬಂದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅವನ ಎದೆಯ ಉದ್ದಕ್ಕೂ ಮುಟ್ಟಿಸುತ್ತಾ ‘ಇಲ್ಲಿ ತಣ್ಣಗ ಅನಸ್ತೈತೇನು?’ ಅಂತ ಕೇಳಿದರು. ಮರಗಟ್ಟಿದ ಪಟ್ಟಿ ಎಲ್ಲಿರಬೇಕೋ ಅಲ್ಲೇ ಇತ್ತು. ಮತ್ತೆ ಒಂಬತ್ತು ಯಾಕೆ? ಚಂದ್ರಪ್ಪ ಮಾವನ ತಮ್ಮ ಎದುರಿಗೇ ನಿಂತಿದ್ದರಿಂದ ಅಪ್ಪ ಬಾಯಿ ಬಿಡಲಿಲ್ಲ, ಹುಬ್ಬು ಗಂಟಿಕ್ಕಿ ಮಲಗಿದ್ದ. ಹಾಗಾದರೆ ನಳಿಕೆ ತೆಗೆದು ಬೇರೆ ಹಾಕೋಣ ಅಂತ ಮೇಡಂ ತಯಾರಾದರು. ಸುಳ್ಳು ನೋವಿಗೆ ನಿಜವಾದ ಸೂಜಿ. ನನಗೋ ಹತ್ತು ಜನರ ಮುಂದೆ ದನಿ ಏಳುವುದಿಲ್ಲ. ಔಷಧದ ಚೀಟಿಯ ಹಿಂದೆ ‘ನೋವಿಲ್ಲ ಮೇಡಂ. ನೆಂಟರು ಬಂದಾಗ ಮಾತ್ರ’ ಅಂತ ಬರೆದು ಅವರ ಕೈಯಲ್ಲಿಟ್ಟೆ. ಓದಿದವರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜಗಳು ಅಲುಗುತ್ತಿದ್ದವು.

ಇದೆಲ್ಲ ಯಾರಿಗಾಗಿ ಅನ್ನುವುದು ನನಗೆ ಸೋಮವಾರವೇ ತಿಳಿಯಿತು. ನರಳುವಾಗ ಅವನು ಬಂದವರ ಮುಖ ನೋಡುವುದಿಲ್ಲ. ಅವರ ಬೆನ್ನ ಹಿಂದೆ, ಬಾಗಿಲಲ್ಲಿ ಇನ್ನೂ ಯಾರಾದರೂ ಬರುತ್ತಿದ್ದಾರೋ ಅಂತ ನೋಡುತ್ತಾನೆ. ಯಾರೂ ಇಲ್ಲ ಅಂದಮೇಲೆ ನರಳಾಟ ಸಣ್ಣದಾಗುತ್ತದೆ. ನಿನಗೆ ಬರೆಯಲು ನಾನು ಪೆನ್ನು ತೆಗೆದದ್ದು ಕಂಡು ಇವತ್ತು ಹೇಳಿದ: ‘ಅಪ್ಪ ಸಾಯಾಕತ್ತಾನ ಅಂತ ಬರಿ. ನರಳೂದು ರಸ್ತೆತನಕ ಕೇಳತೈತಿ ಅಂತ ಬರಿ. ಬಾ ಅಂತ ಬರಿಬ್ಯಾಡ, ತಾನ ಬರ್ಲಿ. ನಾ ಹೇಳೇನಿ ಅಂತಾನೂ ಬರಿಬ್ಯಾಡ.’

ಒಂದೂವರೆ ವರ್ಷದ ಹಿಂದಿನ ಮಾತು ನಿನಗೆ ಗೊತ್ತೇ ಇದೆ. ನೀವಿಬ್ಬರೂ ಅದನ್ನು ಬೇರೆ ಬೇರೆಯಾಗಿ ಹೇಳುವುದರಿಂದ, ನಡೆದದ್ದನ್ನು ಒಮ್ಮೆ ಬರೆದಿಡುತ್ತೇನೆ. ಕೂಸಿಗೆ ಹೊದಿಸಲು ಅವ್ವ ಹೊಲಿದ ಕೌದಿ ಹಿಡಿದುಕೊಂಡು ಅವನು ನಿನ್ನ ಮನೆಗೆ ಬಂದ. ಊಟಕ್ಕೆ ಕುಳಿತವನು ಬೀಡಿ ಸೇದಿದ ಬಾಯಲ್ಲಿ ಕೂಸಿನ ಮುಂದೆ ಕೆಮ್ಮಿದ. ನೀನು ‘ಅಪ್ಪಾ, ಇಲ್ಲಿ ಕೆಮ್ಮಬ್ಯಾಡ, ಹೊರಗ ಹೋಗು’ ಅಂದೆ. ಅವನು ರೊಟ್ಟಿ ಮುರಿಯದೆ ಎದ್ದು ಹೋದ. ಮಗಳು ಮನೆಯಿಂದ ಹೊರಗೆ ಹಾಕಿದಳು ಅಂತ ಅವನು, ಉಣ್ಣದೆ ಎದ್ದು ನನ್ನ ಮಾನ ತೆಗೆದ ಅಂತ ನೀನು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ ಸಿಮೆಂಟಿನ ಧೂಳು ಕುಡಿದ ಎದೆ ಅದು, ದವಾಖಾನೆಗೆ ತೋರಿಸು ಅಂತ ಮೊದಲು ಹೇಳಿದವಳೂ ನೀನೇ. ನೀನು ಹೇಳಿದ್ದಕ್ಕೇ ಅವನು ತೋರಿಸಲಿಲ್ಲ. ನಿಮ್ಮಿಬ್ಬರ ನಡುವೆ ಓಡಾಡಿ ನನಗೆ ಸಾಕಾಗಿದೆ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವ ಟೀಚರ್ ನೀನು, ಒಬ್ಬ ಮುದುಕನಿಗೆ ಫೋನ್ ಮಾಡಲಾರೆ.

ಆದ್ದರಿಂದ ಅವನು ಹೇಳಿದ್ದನ್ನು ನಾನು ಬರೆಯುವುದಿಲ್ಲ. ನಿಜ ಇಷ್ಟು: ಅಪ್ಪ ಸಾಯುತ್ತಿಲ್ಲ. ನೋವಿಲ್ಲ, ಉಣ್ಣುತ್ತಾನೆ, ಕೆಮ್ಮುತ್ತಾನೆ, ನನ್ನ ತಲೆ ತಿನ್ನುತ್ತಾನೆ. ಯಾರಾದರೂ ‘ನಿಮ್ಮಪ್ಪ ಬಾಳ ನರಳಾಕತ್ತಾನ’ ಅಂತ ನಿನಗೆ ಹೇಳಿದರೆ ಗಾಬರಿಯಾಗಬೇಡ. ಬಾ ಅಂತಲೂ ನಾನು ಅನ್ನುವುದಿಲ್ಲ. ನಿಮ್ಮ ಹಟ ನಿಮಗಿರಲಿ.

ಭಾವನಿಗೆ ಜೈ ಭೀಮ್ ಹೇಳು. ಕೂಸಿನ ಎರಡೂ ಗಲ್ಲಕ್ಕೆ ನನ್ನದೊಂದೊಂದು ಮುತ್ತು.

ನಿನ್ನ ತಂಗಿ,
ಸಮತಾ

ತಾ.ಕ.: ಬುಧವಾರ ಸಂಜೆ. ಮಡಚಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೇಗಾದರೂ ಓದಿಕೋ. ಬೆಳಿಗ್ಗೆ ಬೆನ್ನಿನ ನಳಿಕೆ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಜೋಮು ಇಳಿದು ನಿಜವಾದ ನೋವು ಬಂದಿದೆ. ಅಪ್ಪ ನರಳುತ್ತಿಲ್ಲ. ಹಲ್ಲು ಕಚ್ಚಿ, ಮಂಚದ ಸರಳು ಹಿಡಿದು ಸುಮ್ಮನೆ ಮಲಗಿದ್ದಾನೆ. ಹಾನಗಲ್ಲಿನಿಂದ ಬಂದವರಿಗೆ ‘ಏನಿಲ್ಲ, ಆರಾಮ ಅದೇನಿ’ ಅಂದ. ನರ್ಸಿಗೆ ‘ಒಂದು ಬರ್ಕೋರಿ’ ಅಂದ. ಈ ಸಲ ನಾನು ಚೀಟಿ ಬರೆಯಲಿಲ್ಲ, ಎಲ್ಲರ ಮುಂದೆ ಬಾಯಿಬಿಟ್ಟೇ ಹೇಳಿದೆ. ಇಂಜೆಕ್ಷನ್ ಹೆಚ್ಚು ಮಾಡಿದ್ದಾರೆ. ಆದರೆ ಅವನು ಕೆಮ್ಮುತ್ತಿಲ್ಲ. ಚೆಂಡು ಒಂದೂ ಏರಿಲ್ಲ, ಎದೆಯೊಳಗೆ ಕಫ ಗುರುಗುರು ಅನ್ನುವುದು ನನಗೇ ಕೇಳುತ್ತದೆ. ಕೆಮ್ಮಿರಿ ಅಂದ ಮೇಡಂಗೆ ‘ಕೆಮ್ಮಬ್ಯಾಡ ಅಂತ ಹಿರೇಕೆರೂರಾಗ ಹೇಳ್ಯಾರ್ರಿ’ ಅಂದ. ಅವರು ನನ್ನನ್ನು ಹೊರಗೆ ಕರೆದು, ‘ಔಷಧ ಅರ್ಧ ಕೆಲಸ ಮಾಡತೈತಿ, ಉಳಿದರ್ಧ ಅವರ ಮಾಡಬೇಕು. ಮನ್ಯಾಗ ಇವರು ಯಾರ ಮಾತಿಗೆ ಅಂಜತಾರ? ಅವರನ್ನ ಕರಸ್ರಿ, ಲಗೂನ’ ಅಂದರು. ಒಳಗೆ ಬಂದರೆ ಅಪ್ಪ, ‘ಆ ಕಾಗದದಾಗ ನಾ ಆರಾಮ ಅದೇನಿ ಅಂತ ಬರಿ. ಕೂಸಿನ್ನ ಕಟ್ಟಿಕೊಂಡು ಇಷ್ಟು ದೂರ ಬರೂದು ಬ್ಯಾಡ ಅಂತ ಬರಿ’ ಅಂದ. ಅವನು ಹೇಳಿದ್ದನ್ನು ಬರೆದಿದ್ದೇನೆ. ನೀನು ಇದು ಕೈಗೆ ಬಂದಕೂಡಲೇ ಸಿಗುವ ಮೊದಲ ಬಸ್ಸಿಗೆ ಹೊರಡು. ಕೆಮ್ಮಬೇಡ ಅಂದವಳು ನೀನು, ಕೆಮ್ಮು ಅನ್ನಬೇಕಾದವಳೂ ನೀನೇ. ಬರುವಾಗ ಅವ್ವ ಹೊಲಿದ ಆ ಕೌದಿ ತಾ. ಕೆಮ್ಮುವಾಗ ಹೊಲಿಗೆಯ ಮೇಲೆ ಏನನ್ನಾದರೂ ಮಡಚಿ ಒತ್ತಿ ಹಿಡಿಯಬೇಕಂತೆ, ಇಲ್ಲಿಯ ದಿಂಬಿನಲ್ಲಿ ಹತ್ತಿಯೇ ಇಲ್ಲ.